ಮದುವೆ ಆಲ್ಬಂ, 4ಕೆ ವಿಡಿಯೋ ಕೆಲಸಕ್ಕೆ ಕಂಪ್ಯೂಟರ್: ಇರುವ ದುಡ್ಡನ್ನು ಯಾವ ಪಾರ್ಟ್‌ಗೆ ಹಾಕಬೇಕು?

ಅಂಗಡಿಗೆ ಹೋಗಿ ‘ಎಡಿಟಿಂಗ್‌ಗೆ ಒಂದು ಸಿಸ್ಟಮ್ ಬೇಕು’ ಅಂದರೆ ಮೊದಲು ಬರುವ ಪ್ರಶ್ನೆ ಗೊತ್ತೇ ಇದೆ: ‘ಐ5 ಸಾಕಾ, ಐ7 ಹಾಕೋಣ್ವಾ?’ ದುಡ್ಡು ದಾರಿ ತಪ್ಪುವುದು ಅಲ್ಲಿಂದಲೇ. ನಿಮ್ಮ ಕ್ಯಾಮೆರಾ ಯಾವುದು, ಫೈಲ್ ಎಂಥದು, ಆಲ್ಬಂ ಕೆಲಸ ಜಾಸ್ತಿಯೋ ವಿಡಿಯೋ ಜಾಸ್ತಿಯೋ ಅಂತ ಕೇಳುವ ಮೊದಲೇ ಪ್ರೊಸೆಸರ್ ಹೆಸರು ತೀರ್ಮಾನವಾಗಿರುತ್ತದೆ. ಮಿಕ್ಕ ಪಾರ್ಟ್‌ಗಳಿಗೆ ಉಳಿದ ದುಡ್ಡು.

ಇಲ್ಲಿ ಹೇಳುತ್ತಿರುವುದು ಉಲ್ಟಾ ದಾರಿ. ಮೊದಲು ಫೈಲ್ ನೋಡಿ, ಆಮೇಲೆ ಪಾರ್ಟ್. ಉದಾಹರಣೆಯಾಗಿ ಮದುವೆ ಫೋಟೋ, ವಿಡಿಯೋ ಮಾಡುವ ಒಂದು ಸಣ್ಣ ಸ್ಟುಡಿಯೋವನ್ನು ತೆಗೆದುಕೊಂಡಿದ್ದೇನೆ. ಹಾಸನವಾಗಲಿ, ದಾವಣಗೆರೆಯಾಗಲಿ, ಮುಹೂರ್ತದ ಸೀಸನ್ನಿನಲ್ಲಿ ಅಲ್ಲಿನ ಕಂಪ್ಯೂಟರ್ ಹಗಲು ರಾತ್ರಿ ದುಡಿಯುತ್ತದೆ. ಯೂಟ್ಯೂಬ್ ವಿಡಿಯೋ, ಪೋಸ್ಟರ್ ಡಿಸೈನ್, ಬ್ಲೆಂಡರ್‌ನಲ್ಲಿ 3ಡಿ ಕೆಲಸ ಮಾಡುವವರಿಗೂ ಲೆಕ್ಕ ಹಾಕುವ ಕ್ರಮ ಇದೇ. ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಹೇಳುತ್ತೇನೆ.

ಬೆಲೆಗಳನ್ನು ಬರೆದಿಲ್ಲ. ಈಗಿನ ಪರಿಸ್ಥಿತಿಯಲ್ಲಿ ಇವತ್ತಿನ ರೇಟು ಮುಂದಿನ ವಾರಕ್ಕೆ ನಿಲ್ಲುವುದಿಲ್ಲ.

1. ಹಳೆಯ ಕಂಪ್ಯೂಟರ್ ಎಲ್ಲಿ ಸುಸ್ತಾಗುತ್ತದೆ ನೋಡಿ

ಈಗ ಇರುವ ಕಂಪ್ಯೂಟರ್‌ನಲ್ಲಿ ನಿಮ್ಮದೇ ಒಂದು ಭಾರೀ ಪ್ರಾಜೆಕ್ಟ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು, ಕಿರಿಕಿರಿ ಮಾಡುವ ಕೆಲಸವನ್ನೇ ಮಾಡಿ. ಟೈಮ್‌ಲೈನ್ ಓಡಿಸಿ, ಎಕ್ಸ್‌ಪೋರ್ಟ್ ಹಾಕಿ, ಆಲ್ಬಂ ಶೀಟ್ ಸೇವ್ ಮಾಡಿ. ಗ್ರಾಫ್‌ಗಳ ಮೇಲೆ ಕಣ್ಣಿಡಿ.

ಮೆಮೊರಿ 90 ಪರ್ಸೆಂಟ್ ದಾಟಿ, ಅದೇ ಹೊತ್ತಿಗೆ ಡಿಸ್ಕ್ 100ಕ್ಕೆ ಹೋಗಿ ಕೂತರೆ ರ‍್ಯಾಮ್ ಸಾಲುತ್ತಿಲ್ಲ ಅಂತ ಅರ್ಥ. ರ‍್ಯಾಮ್‌ನಲ್ಲಿ ಜಾಗ ಸಿಗದ್ದನ್ನು ವಿಂಡೋಸ್ ಡಿಸ್ಕಿಗೆ ತಳ್ಳುತ್ತಿದೆ. ಮೆಮೊರಿ ಆರಾಮಾಗಿದ್ದು ಡಿಸ್ಕ್ ಮಾತ್ರ 100 ಇದ್ದರೆ, ಅದರಲ್ಲೂ ಹಾರ್ಡ್‌ಡಿಸ್ಕ್ ಆಗಿದ್ದರೆ, ಎಸ್‌ಎಸ್‌ಡಿ ಹಾಕಿದರೆ ಸಾಕು. ಕಲರ್ ಮಾಡುವಾಗ, ನಾಯ್ಸ್ ತೆಗೆಯುವಾಗ ಜಿಪಿಯು 100 ಆದರೆ ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಿ.

ಜಿಪಿಯು ಪುಟದಲ್ಲಿ ‘ವಿಡಿಯೋ ಡಿಕೋಡ್’ ಅಂತ ಇನ್ನೊಂದು ಗ್ರಾಫ್ ಇರುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ಆದರೆ ವಿಡಿಯೋದವರಿಗೆ ಇದೇ ಮುಖ್ಯ. ಟೈಮ್‌ಲೈನ್ ತಡವರಿಸುವಾಗ ಈ ಗ್ರಾಫ್ ಸೊನ್ನೆಯಲ್ಲೇ ಮಲಗಿದ್ದು ಪ್ರೊಸೆಸರ್ 100 ಆಗಿದ್ದರೆ, ನಿಮ್ಮ ಕ್ಯಾಮೆರಾದ ಫೈಲನ್ನು ಬಿಡಿಸುವ ಚಿಪ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಅಥವಾ ಸಾಫ್ಟ್‌ವೇರ್ ಅದನ್ನು ಬಳಸುತ್ತಿಲ್ಲ.

ಇನ್ನೊಂದು ಸೂಕ್ಷ್ಮ. ಫೋಟೋಶಾಪ್ ನಿಧಾನ, ಆದರೆ ಪ್ರೊಸೆಸರ್ ಬರೀ 10 ಪರ್ಸೆಂಟ್ ತೋರಿಸುತ್ತದೆ ಅಂತ ಗೊಂದಲ ಆಗುವುದುಂಟು. 12 ಥ್ರೆಡ್‌ನ (ಒಂದೇ ಹೊತ್ತಿಗೆ 12 ಎಳೆಯಲ್ಲಿ ಕೆಲಸ ನಡೆಸುವ) ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು 8 ಪರ್ಸೆಂಟ್ ಮಾತ್ರ. ಫೋಟೋಶಾಪ್‌ನ ಎಷ್ಟೋ ಕೆಲಸ ಹೀಗೇ ಒಂದೆರಡು ಕೋರ್ (ಪ್ರೊಸೆಸರ್‌ನೊಳಗೆ ದುಡಿಯುವ ಘಟಕ) ಮೇಲೆ ನಡೆಯುತ್ತದೆ. ಅಲ್ಲಿ ಬೇಕಾದ್ದು ವೇಗದ ಕೋರ್, ಜಾಸ್ತಿ ಕೋರ್ ಅಲ್ಲ.

ಇಷ್ಟು ನೋಡಿದ ಮೇಲೆ ಕೆಲವರಿಗೆ ಹೊಸ ಕಂಪ್ಯೂಟರೇ ಬೇಕಾಗಿಲ್ಲ ಅಂತ ಗೊತ್ತಾಗುತ್ತದೆ. ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಇದ್ದು, ಕೆಲಸ ಬರೀ ಆಲ್ಬಂ ಆಗಿದ್ದರೆ, ಒಂದು ಎಸ್‌ಎಸ್‌ಡಿ ಮತ್ತು ಇನ್ನಷ್ಟು ರ‍್ಯಾಮ್ ಹಾಕಿ ಎರಡು ವರ್ಷ ತಳ್ಳಬಹುದು.

2. ಫೈಲ್ ಯಾವ ಜಾತಿಯದು ಅಂತ ತಿಳಿಯಿರಿ

‘ಮೀಡಿಯಾಇನ್ಫೋ’ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಹಾಕಿಕೊಂಡು, ಕ್ಯಾಮೆರಾದಿಂದ ಬಂದ ಒಂದು ಕ್ಲಿಪ್ಪನ್ನು ಅದರೊಳಗೆ ಎಳೆದು ಬಿಡಿ. ಮೂರು ಸಾಲು ಬರೆದುಕೊಳ್ಳಿ: ಫಾರ್ಮ್ಯಾಟ್ ಎವಿಸಿಯೋ ಎಚ್‌ಇವಿಸಿಯೋ, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಿದೆ ಅನ್ನುವುದು) 4:2:0 ಆಗಿದೆಯೋ 4:2:2 ಆಗಿದೆಯೋ, ಬಿಟ್ ಡೆಪ್ತ್ (ಬಣ್ಣದ ಛಾಯೆ ಎಷ್ಟು ಸೂಕ್ಷ್ಮ ಅನ್ನುವುದು) 8ಓ 10ಓ. ಎವಿಸಿ ಅಂದರೆ ಎಚ್.264, ಎಚ್‌ಇವಿಸಿ ಅಂದರೆ ಎಚ್.265.

4:2:0, 8 ಬಿಟ್ ಬಂದರೆ ನೆಮ್ಮದಿ. ಈಗಿನ ಎಲ್ಲ ಗ್ರಾಫಿಕ್ಸ್ ಚಿಪ್‌ಗಳೂ ಇದನ್ನು ಸಲೀಸಾಗಿ ಬಿಡಿಸುತ್ತವೆ. ತಲೆನೋವು ಇರುವುದು 4:2:2, 10 ಬಿಟ್‌ನಲ್ಲಿ. ಸೋನಿ ಎ7-4, ಕ್ಯಾನನ್ ಆರ್6 ಮಾರ್ಕ್ 2 ಥರದ ಕ್ಯಾಮೆರಾಗಳಲ್ಲಿ ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವಂತೆ ಮಂಕಾಗಿ ದಾಖಲಿಸುವ ಬಗೆ) ಹಾಕಿ ಶೂಟ್ ಮಾಡಿದರೆ ಬರುವುದು ಇಂಥ ಫೈಲ್. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಹನ್ನೊಂದನೇ ತಲೆಮಾರಿನಿಂದ ಎಚ್.265ರ 4:2:2 ಬಿಡಿಸುತ್ತದೆ. ಎನ್ವಿಡಿಯಾದಲ್ಲಿ ಈ ಅನುಕೂಲ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಹಿಂದಿನ 30, 40 ಸರಣಿಯ ಕಾರ್ಡ್ ಎಷ್ಟೇ ದುಬಾರಿ ಆಗಿರಲಿ, 4:2:2 ಫೈಲ್ ಬಂದಾಗ ಅದರ ಡಿಕೋಡ್ ಚಿಪ್ ಸುಮ್ಮನೆ ಕೂರುತ್ತದೆ. ಎಎಂಡಿ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ಗೂ ಇದು ಆಗುವುದಿಲ್ಲ.

ಹಾಗಾಗಿ ಎಎಂಡಿಯ ದುಬಾರಿ ರೈಜನ್ ಪ್ರೊಸೆಸರ್, ಜೊತೆಗೊಂದು ಆರ್‌ಟಿಎಕ್ಸ್ 40 ಸರಣಿ ಕಾರ್ಡ್ ಇರುವ ಕಂಪ್ಯೂಟರ್ ಎಡವುವ ಟೈಮ್‌ಲೈನ್ ಒಂದು ಸಾಧಾರಣ ಐ5ರಲ್ಲಿ ಸರಾಗವಾಗಿ ಓಡುವುದುಂಟು. ಫೈಲ್ ನೋಡದೆ ಪಾರ್ಟ್ ಕೊಳ್ಳಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಸೋನಿ ಕ್ಯಾಮೆರಾ ಬಳಸುವವರು ಒಂದು ವಿಷಯ ಗಮನಿಸಿ. ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265. ಎಚ್.264ರಲ್ಲಿ 4:2:2 ಶೂಟ್ ಮಾಡಿದರೆ ಐ5-12400 ಸಾಲಿನ ಇಂಟೆಲ್ ಗ್ರಾಫಿಕ್ಸ್ ಕೂಡ ಕೈಚೆಲ್ಲುತ್ತದೆ.

ದುಡ್ಡಿಲ್ಲದ ದಾರಿಗಳೂ ಎರಡಿವೆ. ಲಾಗ್‌ನಲ್ಲಿ ಶೂಟ್ ಮಾಡುವುದಿಲ್ಲ, ಕಲರ್ ಗ್ರೇಡಿಂಗ್ ದೊಡ್ಡದಾಗಿ ಮಾಡುವುದಿಲ್ಲ ಅಂದರೆ ಕ್ಯಾಮೆರಾದ ಮೆನುವಿನಲ್ಲಿ 4:2:0ಗೆ ಬದಲಿಸಿ. ಆರತಕ್ಷತೆಯ ವಿಡಿಯೋ ನೋಡುವ ಮನೆಯವರಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯದು ಪ್ರಾಕ್ಸಿ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡರಲ್ಲೂ ಇದೆ. ರಾತ್ರಿ ಮಲಗುವ ಮುಂಚೆ ಎಲ್ಲ ಕ್ಲಿಪ್‌ಗೂ ಹಗುರವಾದ ಪ್ರತಿ ಮಾಡಲು ಹಾಕಿ, ಬೆಳಿಗ್ಗೆ ಎದ್ದು ಅದರ ಮೇಲೆ ಎಡಿಟ್ ಮಾಡಿ. ಎಕ್ಸ್‌ಪೋರ್ಟ್ ಮೂಲ ಫೈಲಿನಿಂದಲೇ ಆಗುತ್ತದೆ. ಬಜೆಟ್ ತೀರಾ ಬಿಗಿಯಾಗಿರುವವರಿಗೆ ನನ್ನ ಮೊದಲ ಸಲಹೆ ಇದೇ.

3. ಪ್ರೊಸೆಸರ್

ಮದುವೆ ವಿಡಿಯೋ ಮತ್ತು ಆಲ್ಬಂ ಎರಡೂ ಮಾಡುವವರಿಗೆ ನಾನು ಇಂಟೆಲ್ ಕಡೆ ವಾಲುತ್ತೇನೆ. ಕಾರಣ ಅದರ ಒಳಗಿನ ಗ್ರಾಫಿಕ್ಸ್‌ನಲ್ಲಿರುವ, ವಿಡಿಯೋ ಬಿಡಿಸುವ ಎಂಜಿನ್ ಕ್ವಿಕ್ ಸಿಂಕ್. ನಮ್ಮಲ್ಲಿ ಮದುವೆ ವಿಡಿಯೋದವರು ಹೆಚ್ಚಾಗಿ ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಎಡಿಯಸ್ ಕೂಡ ಕ್ವಿಕ್ ಸಿಂಕನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. 2022ರ ಜನವರಿಯಲ್ಲಿ ಬಂದ ಐ5-12400 ಆರು ಕೋರ್, 12 ಥ್ರೆಡ್‌ನದು. ಕಡಿಮೆ ಬಜೆಟ್‌ಗೆ ಇವತ್ತಿಗೂ ಇದು ಸರಿಯಾದ ಆಯ್ಕೆ. ಇನ್ನೂ ಸ್ವಲ್ಪ ದುಡ್ಡಿದ್ದರೆ ಐ5-13500. ಅದರಲ್ಲಿ 14 ಕೋರ್, 20 ಥ್ರೆಡ್ ಇವೆ, ವಿಡಿಯೋ ಬಿಡಿಸುವ ಎಂಜಿನ್ ಎರಡಿವೆ.

ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಹುಷಾರು. 12400ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಅಂಗಡಿಯಲ್ಲಿ ‘ಹೇಗೂ ಗ್ರಾಫಿಕ್ಸ್ ಕಾರ್ಡ್ ಹಾಕ್ತೀರಲ್ಲ ಸಾರ್, ಎಫ್ ತಗೊಳ್ಳಿ, ಕಮ್ಮಿಗೆ ಸಿಗುತ್ತೆ’ ಅನ್ನುತ್ತಾರೆ. ಗೇಮ್ ಆಡುವವರಿಗೆ ಅದು ಸರಿಯಾದ ಮಾತು. 4:2:2 ಎಡಿಟ್ ಮಾಡುವವರಿಗೆ ಅಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೂ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್) ಒಳಗಿನ ಗ್ರಾಫಿಕ್ಸ್ ಆನ್ ಇರುವಂತೆ ನೋಡಿಕೊಳ್ಳಿ. ಕೆಲವು ಮದರ್‌ಬೋರ್ಡ್‌ಗಳು ಕಾರ್ಡ್ ಕಂಡ ಕೂಡಲೇ ಅದನ್ನು ಆಫ್ ಮಾಡುತ್ತವೆ.

13 ಮತ್ತು 14ನೇ ತಲೆಮಾರಿನ ದೊಡ್ಡ ಇಂಟೆಲ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಕ್ರ್ಯಾಶ್ ಆಗುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗೆ ಓಡುವ ಸಾಫ್ಟ್‌ವೇರ್) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅವುಗಳನ್ನು ಕೊಂಡರೆ ಮೊದಲ ದಿನವೇ ಹೊಸ ಬಯೋಸ್ ಹಾಕಿಸಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಐ7, ಐ9ರ ಈ ತಲೆಮಾರುಗಳನ್ನು ನಾನು ಮುಟ್ಟುವುದಿಲ್ಲ.

ಬ್ಲೆಂಡರ್, ಆಫ್ಟರ್ ಎಫೆಕ್ಟ್ಸ್, ಪೋಸ್ಟರ್ ಡಿಸೈನ್‌ನವರಿಗೆ ಕ್ಯಾಮೆರಾ ಫೈಲಿನ ಗೋಳಿಲ್ಲ. ಅವರು ಎಎಂಡಿ ಕಡೆ ಧೈರ್ಯವಾಗಿ ಹೋಗಬಹುದು. ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ಜೊತೆ ರೈಜನ್ 5 7600 ಹಾಕಿಕೊಂಡರೆ, ಮುಂದೆ ಅದೇ ಬೋರ್ಡ್‌ಗೆ ದೊಡ್ಡ ಪ್ರೊಸೆಸರ್ ಕೂರಿಸಬಹುದು. ಎಎಂಡಿ ಆ ಸಾಕೆಟ್‌ಗೆ ಕನಿಷ್ಠ 2027ರವರೆಗೆ ಬೆಂಬಲ ಇದೆ ಅಂದಿದೆ.

4. ಬೋರ್ಡ್ ಮತ್ತು ರ‍್ಯಾಮ್, ಎರಡನ್ನೂ ಒಟ್ಟಿಗೆ ಯೋಚಿಸಿ

ಈಗ ಬಜೆಟ್ಟನ್ನು ತಿನ್ನುತ್ತಿರುವುದು ರ‍್ಯಾಮ್. 2025ರ ಕೊನೆಯ ತಿಂಗಳುಗಳಿಂದ ಅದರ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಕ್ರೂಷಿಯಲ್ ಹೆಸರಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಗಿರಾಕಿಗಳಿಗೆ ಮಾರುವ ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹೀಗಿರುವಾಗ ‘64 ಜಿಬಿ ಹಾಕಿಬಿಡಿ’ ಅನ್ನುವ ಹಳೆಯ ಸಲಹೆ ನಡೆಯುವುದಿಲ್ಲ. ಎಷ್ಟು ಬೇಕು ಅಂತ ಲೆಕ್ಕ ಹಾಕಲೇಬೇಕು.

ಆಲ್ಬಂ ಕೆಲಸವನ್ನೇ ತೆಗೆದುಕೊಳ್ಳಿ. 12×36 ಇಂಚಿನ ಶೀಟ್, 300 ಡಿಪಿಐ. ಅಂದರೆ 3,600 ಪಿಕ್ಸೆಲ್ ಎತ್ತರ, 10,800 ಪಿಕ್ಸೆಲ್ ಅಗಲ. ಗುಣಿಸಿದರೆ ಸುಮಾರು 3.9 ಕೋಟಿ ಪಿಕ್ಸೆಲ್. 8 ಬಿಟ್ ಆರ್‌ಜಿಬಿಯಲ್ಲಿ ಒಂದು ಪಿಕ್ಸೆಲ್‌ಗೆ 3 ಬೈಟ್. ಹಾಗಾಗಿ ಶೀಟ್ ತುಂಬುವ ಒಂದೇ ಒಂದು ಲೇಯರ್ ಸುಮಾರು 117 ಎಂಬಿ. ಹಿನ್ನೆಲೆ, ಹೂವಿನ ಡಿಸೈನ್, ಮಸುಕು ಮಾಡಿದ ದೊಡ್ಡ ಫೋಟೋ, ಅದರ ಮೇಲೆ ಜೋಡಿಯ ಫೋಟೋ ಅಂತ ಹತ್ತು ಲೇಯರ್ ಆಯಿತು ಅಂದರೆ 1.2 ಜಿಬಿ. ಅಂಡೂ ಮಾಡಲು ಫೋಟೋಶಾಪ್ ಇಟ್ಟುಕೊಳ್ಳುವ ಹಿಸ್ಟರಿ ಬೇರೆ. ಇಂಥ ಮೂರು ಶೀಟ್ ಒಟ್ಟಿಗೆ ತೆರೆದು, ಪಕ್ಕದಲ್ಲಿ ಲೈಟ್‌ರೂಮ್, ಕ್ರೋಮ್, ವಾಟ್ಸಾಪ್ ವೆಬ್ ಇದ್ದರೆ 16 ಜಿಬಿ ಅಂಚಿಗೆ ಬಂದಿರುತ್ತದೆ. ಒಂದೊಂದೇ ಶೀಟ್ ತೆರೆದು ಮಾಡುವ ಅಭ್ಯಾಸ ಇದ್ದರೆ 16ರಲ್ಲೇ ಕೆಲಸ ನಡೆಯುತ್ತದೆ.

ಆಫ್ಟರ್ ಎಫೆಕ್ಟ್ಸ್‌ನ ಕಥೆ ಇನ್ನೂ ಭಾರ. 4ಕೆ ಫ್ರೇಮ್ ಒಂದಕ್ಕೆ 8 ಬಿಟ್‌ನಲ್ಲೇ, ಪಾರದರ್ಶಕತೆಯ ಚಾನೆಲ್ ಸೇರಿ ಪಿಕ್ಸೆಲ್‌ಗೆ 4 ಬೈಟ್‌ನಂತೆ, ಸುಮಾರು 33 ಎಂಬಿ. ಸೆಕೆಂಡಿಗೆ 25 ಫ್ರೇಮ್‌ನಂತೆ ಹತ್ತು ಸೆಕೆಂಡ್ ಪ್ರಿವ್ಯೂ ನೋಡಬೇಕಂದರೆ 8 ಜಿಬಿಗಿಂತ ಜಾಸ್ತಿ. ಟೈಟಲ್, ಮೋಷನ್ ಗ್ರಾಫಿಕ್ಸ್ ಮಾಡುವವರು ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಾದರೂ ರ‍್ಯಾಮ್ ಜಾಸ್ತಿ ಹಾಕಿಕೊಳ್ಳಬೇಕು. ಪ್ರೀಮಿಯರ್, ರಿಸಾಲ್ವ್, ಎಡಿಯಸ್‌ನಲ್ಲಿ 4ಕೆ ಮಾಡುವವರಿಗೆ 32 ಜಿಬಿ ಸಾಕು.

ಇಲ್ಲೇ ಒಂದು ಉಳಿತಾಯ ಇದೆ. ನಿಮ್ಮ ಹಳೆಯ ಕಂಪ್ಯೂಟರ್‌ನಲ್ಲಿ ಡಿಡಿಆರ್4 ರ‍್ಯಾಮ್ ಇದೆಯಾ? 12ರಿಂದ 14ನೇ ತಲೆಮಾರಿನ ಇಂಟೆಲ್‌ಗೆ ಡಿಡಿಆರ್4 ಬೋರ್ಡ್‌ಗಳೂ ಇವೆ, ಡಿಡಿಆರ್5 ಬೋರ್ಡ್‌ಗಳೂ ಇವೆ. ಡಿಡಿಆರ್4 ಬೋರ್ಡ್ ತಗೊಂಡು ಹಳೆಯ ಕಡ್ಡಿಗಳನ್ನೇ ಕೂರಿಸಿ. ವಿಡಿಯೋ ಕೆಲಸದಲ್ಲಿ ಡಿಡಿಆರ್4ಕ್ಕೂ 5ಕ್ಕೂ ಇರುವ ವ್ಯತ್ಯಾಸಕ್ಕಿಂತ 16ಕ್ಕೂ 32ಕ್ಕೂ ಇರುವ ವ್ಯತ್ಯಾಸವೇ ದೊಡ್ಡದು. ಎಎಂ5ನಲ್ಲಿ ಮಾತ್ರ ಡಿಡಿಆರ್5 ಬಿಟ್ಟು ಬೇರೆ ದಾರಿಯಿಲ್ಲ. ಒಂದು ಬೋರ್ಡ್‌ಗೆ ಒಂದೇ ಜಾತಿ ಕೂರುವುದು, ಹಾಗಾಗಿ ಬಿಲ್ ಮಾಡಿಸುವ ಮುಂಚೆ ಬೋರ್ಡ್ ಹೆಸರಿನಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಇದೆಯೋ ಇಲ್ಲವೋ ಓದಿ.

ರ‍್ಯಾಮನ್ನು ಜೋಡಿಯಾಗಿ ಹಾಕಿದರೆ ಎರಡು ಚಾನೆಲ್‌ನಲ್ಲಿ ಓಡುತ್ತದೆ. ಕ್ವಿಕ್ ಸಿಂಕ್ ನಂಬಿಕೊಂಡವರಿಗೆ ಇದು ಮುಖ್ಯ, ಏಕೆಂದರೆ ಒಳಗಿನ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್ ಬಳಸುತ್ತದೆ. ದುಡ್ಡು ಬಿಗಿ ಇದ್ದರೆ ಎರಡು 8 ಜಿಬಿ ಹಾಕಿ, ನಾಲ್ಕು ಸ್ಲಾಟ್ ಇರುವ ಬಿ760 ಬೋರ್ಡ್ ತಗೊಳ್ಳಿ. ಎಚ್610 ಬೋರ್ಡ್ ಅಗ್ಗ, ಆದರೆ ಅದರಲ್ಲಿ ಎರಡೇ ಸ್ಲಾಟ್. ಮುಂದೆ ಹೆಚ್ಚಿಸಬೇಕಂದರೆ ಹಳೆಯದನ್ನು ಕಿತ್ತು ಮಾರಬೇಕಾಗುತ್ತದೆ. ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ವೇಗದ ಎಸ್‌ಎಸ್‌ಡಿ ಕೂರಿಸುವ ಜಾಗ) ಎರಡಾದರೂ ಇರಲಿ. ಮಿಕ್ಕ ಅಲಂಕಾರಕ್ಕೆ ದುಡ್ಡು ಬೇಡ.

5. ಗ್ರಾಫಿಕ್ಸ್ ಕಾರ್ಡ್: ಬೇಕಾ?

ಬರೀ ಆಲ್ಬಂ, ಪೋಸ್ಟರ್, ಆಮಂತ್ರಣ ಪತ್ರಿಕೆ ಮಾಡುವವರಿಗೆ ಮೊದಲ ದಿನವೇ ಬೇಕಾಗಿಲ್ಲ. ಒಳಗಿನ ಗ್ರಾಫಿಕ್ಸ್‌ನಲ್ಲಿ ಶುರು ಮಾಡಿ. ಲೈಟ್‌ರೂಮ್‌ನ ಎಐ ಡಿನಾಯ್ಸ್ ದಿನಾ ಬಳಸುವವರು ಮಾತ್ರ ಕಾರ್ಡ್ ಹಾಕಿಸಿಕೊಳ್ಳಬೇಕು, ಅದರ ವೇಗ ಬಹುಪಾಲು ಜಿಪಿಯು ಮೇಲೆ ನಿಂತಿದೆ. ಅಂದಹಾಗೆ, ಫೋಟೋಶಾಪ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುವುದಕ್ಕೂ ಕಂಪ್ಯೂಟರ್‌ನ ಶಕ್ತಿಗೂ ಸಂಬಂಧವಿಲ್ಲ. ಯೂನಿಕೋಡ್ ಫಾಂಟ್ ಬಳಸಿ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆಯ್ಕೆ ಮಾಡಿದರೆ ಸರಿಹೋಗುತ್ತದೆ.

ರಿಸಾಲ್ವ್‌ನಲ್ಲಿ ಕಲರ್ ಮಾಡುವವರಿಗೆ ಕಾರ್ಡ್ ಬೇಕೇ ಬೇಕು. ಅಲ್ಲಿ ವೇಗಕ್ಕಿಂತ ಮೊದಲು ಕಾರ್ಡ್‌ನ ಮೆಮೊರಿ ನೋಡಿ. 4ಕೆ ಟೈಮ್‌ಲೈನ್‌ನಲ್ಲಿ ನಾಯ್ಸ್ ರಿಡಕ್ಷನ್ ಹಾಕಿದಾಗ ‘ಜಿಪಿಯು ಮೆಮೊರಿ ತುಂಬಿದೆ’ ಅಂತ ಬಂದರೆ ಕೆಲಸ ಅಲ್ಲಿಗೇ ನಿಂತಿತು. 8 ಜಿಬಿಯಲ್ಲಿ ಸಾಧಾರಣ ಎಡಿಟಿಂಗ್ ಆಗುತ್ತದೆ. 12 ಜಿಬಿ ಇದ್ದರೆ ಉಸಿರಾಡಲು ಜಾಗ. ಇದಕ್ಕೇ 2021ರ ಆರ್‌ಟಿಎಕ್ಸ್ 3060ರ 12 ಜಿಬಿ ಕಾರ್ಡ್ ಇನ್ನೂ ಬೇಡಿಕೆಯಲ್ಲಿದೆ. ಹೊಸದರಲ್ಲಿ ಆರ್‌ಟಿಎಕ್ಸ್ 5060 ತಗೊಂಡರೆ 8 ಜಿಬಿ ಮಾತ್ರ, ಆದರೆ 4:2:2 ಡಿಕೋಡ್ ಸಿಗುತ್ತದೆ. ಎರಡೂ ಬೇಕಂದರೆ 5060 ಟಿಐನ 16 ಜಿಬಿ ಕಾರ್ಡ್. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಪೆಟ್ಟಿಗೆ ನೋಡಿ ತಗೊಳ್ಳಿ. ಇಂಟೆಲ್‌ನ ಆರ್ಕ್ ಬಿ580 ಕಾರ್ಡ್‌ನಲ್ಲೂ 12 ಜಿಬಿ ಇದೆ, ಎಚ್.265ರ 4:2:2 ಬಿಡಿಸುತ್ತದೆ. ವಿಡಿಯೋಗೆ ಒಳ್ಳೆಯ ಕಾರ್ಡ್. ಆದರೆ ಬ್ಲೆಂಡರ್‌ನವರು ಎನ್ವಿಡಿಯಾ ಬಿಟ್ಟು ಹೋಗದಿರುವುದೇ ಲೇಸು. ಬ್ಲೆಂಡರ್‌ನ ಸೈಕಲ್ಸ್ ರೆಂಡರ್‌ಗೆ ಎನ್ವಿಡಿಯಾದ ಆಪ್ಟಿಕ್ಸ್ ತಂತ್ರಜ್ಞಾನ ಕೊಡುವ ವೇಗ, ಆಡ್-ಆನ್‌ಗಳ ಹೊಂದಾಣಿಕೆ, ಎರಡೂ ಅಲ್ಲಿ ಚೆನ್ನಾಗಿವೆ.

ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ನಾಯ್ಸ್ ರಿಡಕ್ಷನ್ ಇಲ್ಲ, 10 ಬಿಟ್ ಕ್ಯಾಮೆರಾ ಫೈಲ್‌ಗಳಿಗೆ ಹಾರ್ಡ್‌ವೇರ್ ಡಿಕೋಡಿಂಗ್‌ನ ಪೂರ್ತಿ ಅನುಕೂಲವೂ ಸಿಗುವುದಿಲ್ಲ. ಸ್ಟುಡಿಯೋ ಆವೃತ್ತಿಗೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಕಾರ್ಡ್‌ನಲ್ಲಿ ಒಂದು ಮೆಟ್ಟಿಲು ಕಡಿಮೆ ಮಾಡಿ ಆ ದುಡ್ಡನ್ನು ಲೈಸೆನ್ಸ್‌ಗೆ ಹಾಕುವುದು ಎಷ್ಟೋ ಸಲ ಒಳ್ಳೆಯ ಲೆಕ್ಕ.

6. ಡಿಸ್ಕ್

ವಿಂಡೋಸ್, ಸಾಫ್ಟ್‌ವೇರ್ ಮತ್ತು ಈಗ ನಡೆಯುತ್ತಿರುವ ಪ್ರಾಜೆಕ್ಟ್ ಎನ್‌ವಿಎಂಇ (ಎಂ.2 ಸ್ಲಾಟ್‌ಗೆ ಕೂರುವ ವೇಗದ) ಎಸ್‌ಎಸ್‌ಡಿ ಮೇಲೆ. ಮುಗಿದದ್ದು ಹಾರ್ಡ್‌ಡಿಸ್ಕ್ ಮೇಲೆ. ಎಷ್ಟು ದೊಡ್ಡದು ಬೇಕು? 4ಕೆ ವಿಡಿಯೋ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಶೂಟ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಒಂದೊಂದರಲ್ಲೂ ಆರು ಗಂಟೆ ಅಂದರೆ ಒಂದು ಮದುವೆಗೆ 540 ಜಿಬಿ. ಸೀಸನ್ನಿನಲ್ಲಿ ಎರಡು ಮದುವೆ ಒಟ್ಟಿಗೆ ಕೈಯಲ್ಲಿದ್ದರೆ 1 ಟಿಬಿ ಎಸ್‌ಎಸ್‌ಡಿ ಸಾಲದು.

ಎಸ್‌ಎಸ್‌ಡಿಯಲ್ಲಿ ಪೆಟ್ಟಿಗೆ ಮೇಲಿನ ‘ಸೆಕೆಂಡಿಗೆ 7,000 ಎಂಬಿ’ ನೋಡಿ ಮರುಳಾಗಬೇಡಿ. 4ಕೆ ಎಡಿಟಿಂಗ್‌ಗೆ ಮೂರನೇ ತಲೆಮಾರಿನ 3,500 ಎಂಬಿ ಧಾರಾಳ. ಕೇಳಬೇಕಾದ್ದು ಒಳಗಿನ ಮೆಮೊರಿ ಚಿಪ್ ಯಾವ ಬಗೆ, ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅಂತ. ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು ಮೊದಲ ಹತ್ತಾರು ಜಿಬಿ ಜೋರಾಗಿ ಬರೆದು, ಒಳಗಿನ ಕ್ಯಾಶ್ ತುಂಬಿದ ಮೇಲೆ ಹಾರ್ಡ್‌ಡಿಸ್ಕ್ ವೇಗಕ್ಕೆ ಇಳಿಯುತ್ತವೆ. 500 ಜಿಬಿ ಫುಟೇಜ್ ಕಾಪಿ ಹಾಕಿದ ದಿನ ಅದು ಗೊತ್ತಾಗುತ್ತದೆ.

ಹಾರ್ಡ್‌ಡಿಸ್ಕ್‌ನಲ್ಲೂ ಡೇಟಾ ಬರೆಯುವ ರೀತಿಯಲ್ಲಿ ಎರಡು ಬಗೆ: ಸಿಎಂಆರ್, ಎಸ್‌ಎಂಆರ್. ಎಸ್‌ಎಂಆರ್‌ನಲ್ಲಿ ದೊಡ್ಡ ಫೈಲ್‌ಗಳನ್ನು ಅಳಿಸಿ ಮತ್ತೆ ಬರೆಯುವಾಗ ವೇಗ ಕುಸಿಯುತ್ತದೆ. ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಯಾವುದು ಅಂತ ಸಿಗುತ್ತದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಕಂಪ್ಯೂಟರ್‌ನ ಬಜೆಟ್‌ನಲ್ಲೇ ಒಂದು ಹೊರಗಿನ ಹಾರ್ಡ್‌ಡಿಸ್ಕ್‌ಗೆ ದುಡ್ಡು ಎತ್ತಿಡಿ. ಎರಡು ಕಡೆ ಕಾಪಿ ಆಗುವವರೆಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ತಾಳಿ ಕಟ್ಟುವ ಕ್ಷಣವನ್ನು ಮತ್ತೆ ಶೂಟ್ ಮಾಡಲು ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ಕೊಳ್ಳಬಹುದು, ಬ್ಯಾಕಪ್ಪನ್ನು ಮುಂದೂಡಬಾರದು.

7. ಎಸ್‌ಎಂಪಿಎಸ್, ಯುಪಿಎಸ್, ಕ್ಯಾಬಿನೆಟ್

ಐ5-12400 ಜೋರಾಗಿ ದುಡಿದಾಗ 117 ವ್ಯಾಟ್‌ವರೆಗೆ ಹೋಗುತ್ತದೆ, ಆರ್‌ಟಿಎಕ್ಸ್ 3060 170 ವ್ಯಾಟ್. ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ ಒಟ್ಟು 350ರ ಆಸುಪಾಸು. 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ಪ್ರಮಾಣಪತ್ರ) ಇರುವ, ಹೆಸರಾಂತ ಕಂಪನಿಯ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಸಾಕು. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಎಸ್‌ಎಂಪಿಎಸ್ ಮಾತ್ರ ಬೇಡವೇ ಬೇಡ. ಅದು ಸುಟ್ಟರೆ ಒಂದೇ ಸುಡುವುದಿಲ್ಲ, ಬೋರ್ಡನ್ನೂ ಡಿಸ್ಕನ್ನೂ ಎಳೆದುಕೊಂಡು ಹೋಗುತ್ತದೆ.

ಯುಪಿಎಸ್ ಇಲ್ಲದೆ ನಮ್ಮಲ್ಲಿ ಎಡಿಟಿಂಗ್ ಮಾಡುವ ಹಾಗಿಲ್ಲ ಅಲ್ವಾ. ಮಾಮೂಲಿ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ರೆಂಡರ್ ನಡೆಯುವಾಗ ಕರೆಂಟ್ ಹೋದರೆ, ಮಾನಿಟರ್ ಸೇರಿ ಆ ಲೋಡ್ ಅದಕ್ಕೆ ಮೀರುತ್ತದೆ, ಕಂಪ್ಯೂಟರ್ ಆಫ್ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ 1,000 ವಿಎ ಮೇಲಿನದೇ ಇರಲಿ. ಮನೆಯ ಇನ್ವರ್ಟರ್‌ಗೆ ಹಾಕಿದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇದೆಯಾ ನೋಡಿ. ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ಚೆಕ್ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಚುರ್ ಅನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಅಂತಲೇ ತಿಳಿಯಿರಿ.

ಕ್ಯಾಬಿನೆಟ್‌ನ ಮುಂಭಾಗ ಗಾಜಿನದಾಗಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ. ಜಾಲರಿ ಇರಲಿ, ತೊಳೆಯಲು ಬರುವ ಫಿಲ್ಟರ್ ಇರಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುವಾಗ ಒಂದು ಹೆಚ್ಚುವರಿ ಫ್ಯಾನ್ ಬಣ್ಣದ ಲೈಟ್‌ಗಿಂತ ಸಾವಿರ ಪಾಲು ಉಪಯೋಗ.

8. ಮಾನಿಟರ್

ಎಲ್ಲರೂ ಕೊನೆಯಲ್ಲಿ ಉಳಿದ ದುಡ್ಡಿಗೆ ಮಾನಿಟರ್ ತರುತ್ತಾರೆ. ಆದರೆ ಹುಡುಗಿಯ ಸೀರೆಯ ಬಣ್ಣ ಪ್ರಿಂಟ್‌ನಲ್ಲಿ ಬೇರೆ ಬಂದಾಗ ಬೈಸಿಕೊಳ್ಳುವುದು ನೀವು. ಐಪಿಎಸ್ ಪ್ಯಾನೆಲ್ (ಯಾವ ಕೋನದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಪರದೆ), ಎಸ್‌ಆರ್‌ಜಿಬಿ (ಪರದೆ ತೋರಿಸಬೇಕಾದ ಬಣ್ಣಗಳ ಮಾನದಂಡ) 99 ಅಥವಾ 100 ಪರ್ಸೆಂಟ್, ಇಷ್ಟನ್ನು ಬಿಟ್ಟುಕೊಡಬೇಡಿ. 144 ಹರ್ಟ್ಜ್, ಬಾಗಿದ ಪರದೆ ಬೇಕಿಲ್ಲ. 24 ಇಂಚಿಗೆ 1080ಪಿ ಸರಿ, 27 ಇಂಚು ತಗೊಂಡರೆ 1440ಪಿ ಇರಲಿ. 27 ಇಂಚಿನಲ್ಲಿ 1080ಪಿ ಆದರೆ ಇಂಚಿಗೆ 82 ಪಿಕ್ಸೆಲ್ ಮಾತ್ರ, ಫೋಟೋದ ಶಾರ್ಪ್‌ನೆಸ್ ನಿರ್ಧರಿಸಲು ಕಷ್ಟ.

ಕ್ಯಾಲಿಬ್ರೇಷನ್ (ಮಾನಿಟರ್‌ನ ಬಣ್ಣ ಅಳೆದು ಸರಿಹೊಂದಿಸುವುದು) ಮಾಡುವ ಯಂತ್ರ ಒಬ್ಬರಿಗೆ ದುಬಾರಿ. ಊರಿನ ನಾಲ್ಕೈದು ಸ್ಟುಡಿಯೋದವರು ಸೇರಿ ಒಂದು ಕೊಂಡು ತಿಂಗಳಿಗೊಮ್ಮೆ ಸುತ್ತು ಹಾಕಿಸಿದರೆ ಎಲ್ಲರಿಗೂ ಆಯಿತು. ಪ್ರಿಂಟ್ ಲ್ಯಾಬ್‌ಗೆ ಯಾವ ಕಲರ್ ಪ್ರೊಫೈಲ್ ಬೇಕು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ.

9. ಕೊಟೇಶನ್ ಓದುವುದು

ಈಗ ಅಂಗಡಿಗೆ ಹೋಗಿ. ಬೆಂಗಳೂರಾದರೆ ಎಸ್.ಪಿ. ರೋಡ್. ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಹೋಗಬಹುದು, ಭಾನುವಾರ ಬಿಟ್ಟು ಹೋಗಿ. ಮೂರು ಕಡೆ ಕೊಟೇಶನ್ ಬರೆಸಿ. ಕೈಗೆ ಬರುವ ಚೀಟಿ ಹೀಗಿರಬಹುದು: ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್, 450 ವ್ಯಾಟ್ ಎಸ್‌ಎಂಪಿಎಸ್.’

ಈ ಚೀಟಿಯಲ್ಲಿ ಒಂದಾದರೂ ಮಾಡೆಲ್ ನಂಬರ್ ಇದೆಯಾ? ಐ7 ಅಂದರೆ 2013ರ ಐ7-4770 ಕೂಡ ಐ7. ವಿಂಡೋಸ್ 11 ಅದಕ್ಕೆ ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2022ರ ಐ3-12100 ಆ ಹಳೆಯ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. 16 ಜಿಬಿ ಒಂದು ಕಡ್ಡಿಯೋ ಎರಡೋ? 512 ಯಾವ ಕಂಪನಿ, ಸಾಟಾವೋ ಎನ್‌ವಿಎಂಇಯೋ? 4 ಜಿಬಿ ಗ್ರಾಫಿಕ್ಸ್ ಅಂತ ಕೊಡುವುದು ಜಿಟಿ 730 ಆಗಿದ್ದರೆ ಅದು 2014ರ ಕಾರ್ಡ್. ಹೊಸ ಡ್ರೈವರ್‌ಗಳು 2021ಕ್ಕೇ ನಿಂತಿವೆ, ಐ5-12400ರ ಒಳಗಿನ ಗ್ರಾಫಿಕ್ಸೇ ವಿಡಿಯೋಗೆ ಅದಕ್ಕಿಂತ ವಾಸಿ. ಪ್ರತಿ ಸಾಲಿನಲ್ಲೂ ಕಂಪನಿ, ಮಾಡೆಲ್, ವಾರಂಟಿ ಎಷ್ಟು ವರ್ಷ ಅಂತ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಪ್ರೊಸೆಸರ್ ಪೆಟ್ಟಿಗೆಯದೋ ಟ್ರೇಯದೋ ಕೇಳಿ. ಪೆಟ್ಟಿಗೆಯಲ್ಲಿ ಬಂದರೆ ಕಂಪನಿಯ ಮೂರು ವರ್ಷದ ವಾರಂಟಿ, 12400ಕ್ಕೆ ಕೂಲರ್ ಕೂಡ ಬರುತ್ತದೆ. ಟ್ರೇಯದು ಅಗ್ಗ, ವಾರಂಟಿ ಅಂಗಡಿಯವರ ಮಾತಿನ ಮೇಲೆ.

ಬಿಲ್ ಇಲ್ಲದೆ ತಗೊಂಡರೆ ಕಮ್ಮಿ ಆಗುತ್ತೆ ಅನ್ನುತ್ತಾರೆ. ಒಪ್ಪಬೇಡಿ. ವಾರಂಟಿಗೆ ಸೀರಿಯಲ್ ನಂಬರ್ ಇರುವ ಬಿಲ್ ಬೇಕು. ನಿಮ್ಮ ಸ್ಟುಡಿಯೋಗೆ ಜಿಎಸ್‌ಟಿ ನಂಬರ್ ಇದ್ದು, ಕಂಪೋಸಿಷನ್ ಸ್ಕೀಮ್‌ನಲ್ಲಿ ಇಲ್ಲದಿದ್ದರೆ, ಕೊಟ್ಟ 18 ಪರ್ಸೆಂಟ್ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಬಹುದು. ಆಗ ಬಿಲ್ ಹಾಕಿಸಿದ್ದೇ ಅಗ್ಗ.

10. ದುಡ್ಡು ಕೊಡುವ ಮುಂಚೆ

ಜೋಡಣೆ ಮುಗಿದ ಮೇಲೆ ಅಲ್ಲೇ ಕೂತು ಆನ್ ಮಾಡಿಸಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ, ಎಎಂಡಿ ಆದರೆ ಎಕ್ಸ್‌ಪೋ, ಆನ್ ಮಾಡಿಸಿ. ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗದಲ್ಲಿ ರ‍್ಯಾಮ್ ಓಡುವುದಿಲ್ಲ. ಸಿಪಿಯು-ಝಡ್, ಜಿಪಿಯು-ಝಡ್ ತೆರೆದು ಮಾಡೆಲ್ ಹೆಸರುಗಳನ್ನು ಬಿಲ್ ಜೊತೆ ತಾಳೆ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಎಷ್ಟು ಗಂಟೆ ಓಡಿವೆ ಅಂತ ತೋರಿಸುತ್ತದೆ. ಹೊಸದು ಅಂದದ್ದು ನೂರಾರು ಗಂಟೆ ತೋರಿಸಿದರೆ ಬದಲಿಸಿ ಕೊಡಲು ಹೇಳಿ.

ಮನೆಯಿಂದ ಹೋಗುವಾಗ ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಕ್ಯಾಮೆರಾದ ನಾಲ್ಕು ಕ್ಲಿಪ್, ಒಂದು 12×36 ಶೀಟ್, ರಿಸಾಲ್ವ್‌ನ ಉಚಿತ ಆವೃತ್ತಿಯ ಇನ್‌ಸ್ಟಾಲರ್ ಹಾಕಿಕೊಂಡು ಹೋಗಿ. ಆ ಕ್ಲಿಪ್‌ಗಳನ್ನು ಅಲ್ಲೇ ಪ್ಲೇ ಮಾಡಿ, ಅರ್ಧ ಗಂಟೆ ಎಕ್ಸ್‌ಪೋರ್ಟ್ ಓಡಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಡಿಯೋ ಡಿಕೋಡ್ ಗ್ರಾಫ್ ಮೇಲೆ ಎದ್ದಿತಾ ನೋಡಿ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಅದು ಏಳದಿದ್ದರೆ ಕೂಡಲೇ ಗಾಬರಿಯಾಗಬೇಡಿ. ಅದೇ ಕ್ಲಿಪ್ಪನ್ನು ನೀವು ಮನೆಯಲ್ಲಿ ಬಳಸುವ ಪ್ರೀಮಿಯರ್ ಅಥವಾ ಎಡಿಯಸ್‌ನ ಟ್ರಯಲ್ ಹಾಕಿ ಒಮ್ಮೆ ಓಡಿಸಿ ನೋಡಿ. ಅಲ್ಲೂ ಏಳದಿದ್ದರೆ ಬಯೋಸ್‌ಗೆ ವಾಪಸ್ ಹೋಗಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿಸಿ, ಇಂಟೆಲ್‌ನ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿಸಿ, ಇನ್ನೊಮ್ಮೆ ಓಡಿಸಿ.